ಆಯಿಯ ದನಿಗೆ ಹೊಸ ಸಿಡಿ

ನವೆಂಬರ್ ೧೨, ಬುಧವಾರ. ಬಸವಕಲ್ಯಾಣ.

ತೀರಿಹೋದ ಆಯಿ, ಅವ್ವನ ತಾಯಿ ಸುಮನಬಾಯಿ ಹಾಡಿದ ಬೀಸುವ ಪದಗಳ ಸಿಡಿ ಅಲ್ಲಲ್ಲಿ ನಿಲ್ಲುತ್ತಿದೆ. ಹೊಸದಕ್ಕೆ ಇಳಿಸಿಡಬೇಕು, ಆದರೆ ಎಂಥದಕ್ಕೆ? ಹುಮನಾಬಾದಿನ ಅಂಗಡಿಯ ನದೀಮ್ ಬಂಗಾರ ಬಣ್ಣದ್ದು ತೋರಿಸಿದ. "ನೂರ್ ವರ್ಷ ಬಾಳ್ತದಂತ ಡಬ್ಬಿ ಮ್ಯಾಲ ಬರದಾರ್ರಿ. ನಾ ಹ್ಯಾಂಗ ಹೇಳ್ಲಿ?" ಎಂದ. ಅಗ್ಗದ ಬಿಳಿಯದು ಎರಡೇ ವರ್ಷಕ್ಕೆ ಕೆಟ್ಟದ್ದೂ ಉಂಟು, ಹತ್ತು ವರ್ಷ ಬಾಳಿದ್ದೂ ಉಂಟಂತೆ. ತಿಳಿಯದೆ ಎರಡೂ ತಂದೆ. ಎರಡಕ್ಕೂ ನಿಧಾನವಾಗಿ ಇಳಿಸಿ ಅವ್ವನಿಗೆ ಕೇಳಿಸಿದೆ.

ಮೂರನೆಯ ಪದಕ್ಕೆ ಅವ್ವ ತಲೆಯೆತ್ತಿದಳು. "ಇದು ನಮ್ಮವ್ವ ಅಲ್ಲ, ನಾನು. ಆಕಿಗಿ ಅವತ್ತು ಗಂಟಲ ಕಟ್ಟಿತ್ತು."

ಹದಿನೈದು ವರ್ಷ ಆ ಪದ ಕೇಳಿ ಆಯಿಗಾಗಿ ಅತ್ತಿದ್ದೇನೆ. ದಿನಾ ಜೊತೆಗಿರುವ ಅವ್ವನ ದನಿ ನನಗೆ ಗುರುತು ಸಿಗಲಿಲ್ಲವೇ? ಈಗ ಸಿಡಿಯ ಮೇಲೆ ಯಾರ ಹೆಸರು ಬರೆಯಲಿ? ಅವ್ವನನ್ನೇ ಕೇಳಿದರೆ ಆಯಿಯ ಹೆಸರೇ ಇರಲಿ ಅನ್ನುತ್ತಾಳೆ, ಆದರೆ ನಾನು ಮೂರನೆಯ ಪದದ ಮುಂದೆ ಅವ್ವನ ಹೆಸರು ಬರೆದೆ.