ಒಳಗಿನಿಂದ ಚುಚ್ಚಿದ ತೂತುಗಳು

ಮಾರ್ಚ್ ೧೨, ಗುರುವಾರ

ಬೆಳಿಗ್ಗೆ, ಅಮ್ಮ ಈಗ ಬಟ್ಟೆಕ್ಲಿಪ್ಪು ತುಂಬಿಟ್ಟಿರುವ ಪ್ಲಾಸ್ಟಿಕ್ ಡಬ್ಬವನ್ನು ನಾನು ಎತ್ತಿದಾಗ ಅದರ ತೂತುಗಳ ಒರಟು ಅಂಚಿಗೆ ಬೆರಳು ತರಚಿತು. ಚಿಕ್ಕಂದಿನಲ್ಲಿ ನಾನು ಸಾಕಿದ್ದ ಬಿಳಿ ಇಲಿಯ ಗೂಡು ಅದು. ಬಾಗಿಲಿಗೆ ಅಪ್ಪ ಮರದ ಚೌಕಟ್ಟು ಕೂರಿಸಿದ್ದ. ಗಾಳಿಯಾಡಲು ತೂತು ಮಾಡಲೆಂದು ನಾನು ಕಾಯಿಸಿದ ಮೊಳೆಯನ್ನು ಹೊರಗಿನಿಂದ ಚುಚ್ಚಲು ಹೋದಾಗ ಬೈದಿದ್ದ: "ಏ ಪೆದ್ದಿ, ಒಳಗಿಂದ ಚುಚ್ಚೇ! ಒರಟು ಅಂಚು ಹೊರಗಿರ್ಲಿ. ಮೂಗು ಉಜ್ಜೋದು ನೀನಲ್ಲ, ಅದು."

ಅಂದು ಕರಗಿದ ಪ್ಲಾಸ್ಟಿಕ್ಕಿನ ಆ ವಾಸನೆ ಇವತ್ತು ಇಡೀ ದಿನ ನನ್ನ ಜೊತೆಗೇ ಇತ್ತು.

ಕೈ ನಡುಗಲು ಶುರುವಾದ ಮೇಲೆ ಅಪ್ಪ ಸುತ್ತಿಗೆ, ಗರಗಸ ಮುಟ್ಟಿಲ್ಲ. ಊಟದ ಹೊತ್ತಿಗೆ, "ಯಾರಿಗಾದ್ರೂ ಕೊಟ್ಬಿಡು ಮಗಳೇ, ತುಕ್ಕು ಹಿಡೀತಿವೆ," ಎಂದ.

ಗೆಳತಿಯ ಇಲಿ ಮರಿ ಹಾಕಿದೆಯಂತೆ. ಒಂದನ್ನು ತರುತ್ತೇನೆ. ನಾಳೆ ಅಪ್ಪನ ಎದುರಿಗೇ ಹೊಸ ಡಬ್ಬ ಇಟ್ಟುಕೊಂಡು, ಮೊಳೆ ಕಾಯಿಸಿ, ಹೊರಗಿನಿಂದಲೇ ಚುಚ್ಚಲು ಶುರುಮಾಡುತ್ತೇನೆ. ಎಷ್ಟು ಹೊತ್ತು ಸುಮ್ಮನಿರುತ್ತಾನೋ ನೋಡೋಣ.