ಜರ್ನಲ್ಲಿಗೆ ಪೂರ್ತಿ ಅಂಕ, ಸಾಫ್ಟ್‌ವೇರಿಗೆ ಸೊನ್ನೆ

ಪ್ರಾಯೋಗಿಕ ಪರೀಕ್ಷೆಗಳ ಮೇಲಧಿಕಾರಿಗಳಾದ ಮಾನ್ಯರೇ,

ನನ್ನ ಮೊಮ್ಮಗಳು ಪ್ರಾಚಿಗೆ ತಾವು ಪ್ರಾಜೆಕ್ಟಿನಲ್ಲಿ ಸೊನ್ನೆ ದಯಪಾಲಿಸಿದ್ದೀರಿ. ಬೆಳಗಾವಿಯಲ್ಲಿ ಅವಳದು ಡಿಪ್ಲೊಮಾದ ಕೊನೆಯ ವರ್ಷ. ಈ ಸೊನ್ನೆ ನಿಂತರೆ ಅವಳ ಒಂದು ವರ್ಷ ಹೋಗುತ್ತದೆ. ಕೋಡ್ ಬರೆಯದೆ, ಎಐಗೆ ಬಾಯಿಂದ ಹೇಳಿ ಸಾಫ್ಟ್‌ವೇರ್ ಮಾಡಿಸಿದ್ದು ಅವಳ ಮೊದಲ ಅಪರಾಧ. ಕೇಳಿದಾಗ ಹೌದೆಂದು ಒಪ್ಪಿಕೊಂಡದ್ದು ಎರಡನೆಯದು. ಎರಡನೆಯದೇ ದೊಡ್ಡದಿರಬೇಕು.

ನಾನು ಖಾನಾಪುರದಲ್ಲಿ ಮೂವತ್ತೈದು ವರ್ಷದಿಂದ ಶಾಲೆಯ ಯುನಿಫಾರ್ಮ್ ಹೊಲಿಯುವವಳು. ಮೇ ತಿಂಗಳಲ್ಲಿ ಇನ್ನೂರು ಮಕ್ಕಳ ಅಳತೆ ಚೀಟಿಗಳ ನಡುವೆ ನನ್ನ ಕನ್ನಡಕವೂ ಕಳೆದುಹೋಗುತ್ತದೆ. ಅದನ್ನು ನೋಡಲಾರದೆ ಪ್ರಾಚಿ, ಅಳತೆ ತುಂಬಿದರೆ ಬಟ್ಟೆ ಹೇಗೆ ಕತ್ತರಿಸಬೇಕೆಂದು ಹೇಳುವ ಸಾಫ್ಟ್‌ವೇರ್ ಮಾಡಿಸಿದಳು. ಅರ್ಧ ಕನ್ನಡ, ಅರ್ಧ ಮರಾಠಿಯಲ್ಲಿ ಹೇಳಿದರೂ ಎಐ ಈ ತಾಲೂಕಿನಲ್ಲೇ ಹುಟ್ಟಿದಂತೆ ಎಲ್ಲವನ್ನೂ ತಿಳಿದುಕೊಂಡಿತು.

ಅದನ್ನು ನಂಬಿ ಆರು ಅಂಗಿ ಹೊಲಿದೆ. ಹಾಕಿಸಿ ನೋಡಿದರೆ ಮೈಗೆ ಒಂದು ನೂಲೂ ಹೆಚ್ಚುಕಡಿಮೆ ಇಲ್ಲ. ಅದೇ ತಪ್ಪು! ನಮ್ಮಲ್ಲಿ ಯುನಿಫಾರ್ಮ್ ಎರಡು ವರ್ಷ ಬಾಳಬೇಕು. ಅಂಚಿನ ಬಟ್ಟೆ ಒಳಗೆ ಮಡಚಿ ಹೊಲಿದು, ಮರುವರ್ಷ ಬಿಚ್ಚಿ ಇಳಿಸುತ್ತೇವೆ.

"ಹುಡುಗರು ಬೆಳೀತಾವ ಅಂತ ಅದಕ್ಕ ಹೇಳೀಯೇನ?" ಎಂದೆ.

"ಇಲ್ಲಜ್ಜಿ. ನನಗ ಗೊತ್ತಿಲ್ಲದ್ದು ಅದಕ್ಕ ಹೆಂಗ ಹೇಳಲಿ?" ಎಂದಳು ಪ್ರಾಚಿ.

ಆಮೇಲೆ ಒಂದು ವಾರ ಅವಳು ನನ್ನ ಹೊಲಿಗೆ ಮಷಿನ್ ಪಕ್ಕ ಬಿಟ್ಟು ಏಳಲಿಲ್ಲ. ನಾಲ್ಕನೇ ತರಗತಿಯ ಹುಡುಗನಿಗೆ ಎಷ್ಟು ಬಿಡಬೇಕು, ಎಂಟನೇ ತರಗತಿಯ ಹುಡುಗಿಗೆ ಎಷ್ಟು, ನೀರಿಗೆ ಬಿದ್ದರೆ ಯಾವ ಬಟ್ಟೆ ಎಷ್ಟು ಕುಗ್ಗುತ್ತದೆ? ಕೇಳಿ ಕೇಳಿ ನನ್ನ ತಲೆ ತಿಂದಳು. ಸಾಫ್ಟ್‌ವೇರನ್ನು ಹನ್ನೊಂದು ಸಲ ತಿದ್ದಿಸಿದಳು. ಕಾಲೇಜಿನಲ್ಲಿ ಅವಳು ಇಷ್ಟು ಪ್ರಶ್ನೆ ಕೇಳಿದ್ದು ಯಾರಿಗಾದರೂ ನೆನಪಿದೆಯೇ? ಇದು ಓದಲ್ಲವಾದರೆ ತಾವು ಓದು ಎಂದು ಯಾವುದಕ್ಕೆ ಹೇಳುತ್ತೀರಿ?

ತಮ್ಮ ಪರೀಕ್ಷಕರಿಗೆ ಇದಾವುದೂ ಬೇಕಾಗಲಿಲ್ಲ. "ಕೋಡ್ ನೀನಽ ಬರದೀ ಏನು?" ಎಂದರಂತೆ.

"ಇಲ್ರೀ ಸರ್, ಎಐಗೆ ಹೇಳಿ ಬರಸೀನ್ರೀ."

"ಹಂಗಾದ್ರ ಹೋಗು."

ಅದಕ್ಕೆ ಮುಂಚೆ ಅವರು ಕೋಡಿನ ಒಂದು ಸಾಲು ತೋರಿಸಿ ಅರ್ಥ ಕೇಳಿದಾಗ ಅವಳು ತಡವರಿಸಿದ್ದೂ ನಿಜ. ಮುಚ್ಚಿಡುವುದಿಲ್ಲ. ಆ ಪ್ರಶ್ನೆ ಕೇಳಿದ್ದು ಸರಿ, ಅವಳು ಅದನ್ನು ಕಲಿಯಲೇಬೇಕು. ಆದರೆ ಅಲ್ಲಿಗೇ ಪರೀಕ್ಷೆ ಮುಗಿಸಿದ್ದು ಯಾವ ನ್ಯಾಯ?

ಇನ್ನು ತಮ್ಮ ಜರ್ನಲ್ಲಿನ ಮಹಿಮೆ. ಅದೇ ಕೋಡನ್ನು ಗೆರೆ ಹಾಳೆಯ ಮೇಲೆ ನೀಲಿ ಪೆನ್ನಿನಲ್ಲಿ ಕೈಯಾರೆ ಬರೆದು ಕೊಡಬೇಕೆಂಬುದು ತಮ್ಮ ನಿಯಮ. ಮೂವತ್ತೆಂಟು ಪುಟ! ಅದಕ್ಕೆ ಪೂರ್ತಿ ಅಂಕ, ಕೆಳಗೆ 'ಅಚ್ಚುಕಟ್ಟು' ಎಂಬ ಷರಾ. ಯಂತ್ರ ಬರೆದದ್ದು ಯಂತ್ರದಲ್ಲಿದ್ದರೆ ಮೋಸ, ಹಾಳೆಗೆ ಇಳಿದರೆ ವಿದ್ಯೆ. ಈ ಪವಾಡ ಪೆನ್ನಿನದೋ ತಮ್ಮ ಸಹಿಯದೋ ತಿಳಿಯದು.

ಅಂಕ ಹಾಕಿ ಎಂದು ನಾನು ಬೇಡುತ್ತಿಲ್ಲ. ಅವಳನ್ನು ಮತ್ತೆ ಕರೆಯಿರಿ. ಪರೀಕ್ಷಕರೇ ಆ ಸಾಫ್ಟ್‌ವೇರಿನಲ್ಲಿ ಬೇಕೆಂದೇ ಒಂದು ತಪ್ಪು ಸೇರಿಸಲಿ. ಅವಳು ಹುಡುಕಿ, ಕಾರಣ ಹೇಳಿ, ಸರಿಪಡಿಸಲಿ. ಆಗದಿದ್ದರೆ ನಪಾಸು ಮಾಡಿ. ನಾನು ಎರಡನೇ ಪತ್ರ ಬರೆಯುವುದಿಲ್ಲ.

ಇಷ್ಟು ಬರೆದು ಪ್ರಾಚಿಗೆ ಓದಿ ಹೇಳಿದೆ. ಜರ್ನಲ್ಲಿನ ಬಗ್ಗೆ ನಾನು ಬಿಟ್ಟ ಒಂದು ಮಾತನ್ನೂ ಸೇರಿಸು ಎಂದಳು. ಬೇಡ, ಇರುವ ಅಂಕವೂ ಹೋದೀತು ಎಂದೆ. "ಬರಿ ಅಜ್ಜಿ," ಎಂದಳು. "ಒಂದ್ ಖರೇ ಹೇಳಿ ಸೊನ್ನಿ ಬಂದೈತಿ. ಇನ್ನೊಂದ್ ಖರೇ ಹೇಳಿದ್ರ ಇನ್ನೇನ್ ಬರತೈತಿ?"

ಆದ್ದರಿಂದ ಬರೆಯುತ್ತಿದ್ದೇನೆ. ಆ ಮೂವತ್ತೆಂಟು ಪುಟಗಳನ್ನು ಬರೆದವಳು ನಾನು. ಒಂದು ಸಾಲೂ ಅರ್ಥವಾಗಿಲ್ಲ.

ಇಂತಿ,
ಕಂಪ್ಯೂಟರ್ ಮುಟ್ಟದೆಯೇ ತಮ್ಮಿಂದ ಪೂರ್ತಿ ಅಂಕ ಗಳಿಸಿದ
ಚಂಪಾಬಾಯಿ, ಖಾನಾಪುರ