ಹತ್ತು ಲೋಡ್ ಕೆಂಪುಕಲ್ಲು

೧೪ ನವೆಂಬರ್ ೨೦೧೨, ಬುಧವಾರ

ಗೋಪೂಜೆ ಮುಗಿಯಿತು. ಕೊಟ್ಟಿಗೆ ತೊಳೆದು ಸೊಂಟ ಬಿದ್ದುಹೋಗಿದೆ. ದನಕ್ಕೆ ಬೊಟ್ಟಿಟ್ಟ ಮೇಲೆ ಅತ್ತೆ ಎಂದಿನಂತೆ ಅಂಗಳದ ಕಲ್ಲಿನ ರಾಶಿಗೂ ಹೋದರು. ಮುಚ್ಚಿದ್ದ ತೆಂಗಿನ ಮಡಲು ಸರಿಸಿ ಒಂದು ಕಲ್ಲಿಗೆ ಅರಿಶಿನ, ಕುಂಕುಮ, ಗೊಂಡೆ ಹೂ. ಅದು ಮೊದಲ ಲೋಡಿನ ಮೊದಲ ಕಲ್ಲು. ನಡುವೆ ಸಣ್ಣ ಕುಳಿ ಕೊರೆಸಿಟ್ಟಿದ್ದಾರೆ, ನಾಣ್ಯ ಇಡಲು. ಹೊಸ ಮನೆಗೆ ಕೆಸರ್ಕಲ್ಲು ಅದೇ ಆಗಬೇಕಂತೆ. ಭಟ್ಟರು ಮಂತ್ರ ಹೇಳಿ ಅಡಿಪಾಯದಲ್ಲಿ ಮೊದಲು ಇಡುವುದು ಅದನ್ನು, ಉಳಿದದ್ದೆಲ್ಲ ಅದರ ಮೇಲೆ.

ಡೈರಿಗೆ ಹಾಲು ಹಾಕಿ ವರ್ಷಕ್ಕೊಂದು ಲೋಡ್ ತರಿಸಿದವರು. ಹತ್ತು ಲೋಡ್ ಆಯಿತು. ಬೀಜಾಡಿಯಲ್ಲಿ ಈ ರಾಶಿ ಗೊತ್ತಿಲ್ಲದವರಿಲ್ಲ. ಯಾರು ಬಂದರೂ ಅತ್ತೆಯದು ಒಂದೇ ಮಾತು: "ಬಿಸ್ಲ್ ಮಳಿ ತಿಂದಷ್ಟೂ ಗಟ್ಟಿ ಆತ್ತ್ ಕಾಣಿ." ಕೇಳಿ ಕೇಳಿ ನನಗೆ ಸಾಕಾಗಿದೆ.

೨ ಡಿಸೆಂಬರ್

ಹೊಸ ಮನೆಯ ಲೆಕ್ಕ ಹೇಳಲು ಒಂದೇ ದಿನ ಇಬ್ಬರೂ ಬಂದರು. ಬೆಳಿಗ್ಗೆ ಗುಡ್ಡ ಮೇಸ್ತ್ರಿ. ಹಳೇ ಮನೆ ಉಳಿಸಿಕೊಂಡು ಎದುರಿಗೇ ಹೊಸದು ಕಟ್ಟಲು ಅಂಗಳ ಅಳೆದು, ಎಲೆ ಅಡಿಕೆ ಹಾಕಿಕೊಂಡು, ಕಲ್ಲಿನ ಮನೆಗೆ ಹತ್ತೂವರೆ ಲಕ್ಷ ಅಂದರು — ಕಲ್ಲು ಹೊರಗಿಂದ ತರಿಸಿದರೆ. "ಕಲ್ಲ್ ಹ್ಯಾಂಗೂ ನಿಮ್ದೇ ಇತ್ತಲೆ ಟೀಚರೇ. ಒಂಬತ್ತೂವರಿಯಂಗ್ ಮುಗಿತ್ತ್. ಆರ್ ತಿಂಗ್ಳ್ ಬೇಕ್."

ಮಧ್ಯಾಹ್ನ ಅನೀಶ, ಚಿಕ್ಕಮ್ಮನ ಮಗ. ಬ್ರಹ್ಮಾವರದಲ್ಲಿ ಪ್ಯಾನೆಲ್ ಮನೆಗಳ ಏಜೆನ್ಸಿ ಇಟ್ಟುಕೊಂಡಿದ್ದಾನೆ. ಗೋಡೆ ಫ್ಯಾಕ್ಟರಿಯಲ್ಲೇ ತಯಾರು, ಇಲ್ಲಿ ತಂದು ಜೋಡಿಸುವುದು. ಹತ್ತು ಲಕ್ಷ, ಮೂರು ತಿಂಗಳು. ಕಡಲ ಗಾಳಿಗೆ ಒಳಗಿನ ಕಬ್ಬಿಣದ ಚೌಕಟ್ಟು ತುಕ್ಕು ಹಿಡಿಯುವುದಿಲ್ಲವಾ ಅಂದೆ. ಕೋಟಿಂಗ್ ಇತ್ತ್ ಅಕ್ಕ ಅಂದ. ಫೋಟೋ ತೋರಿಸಿದ. ಬಿಳಿ ಗೋಡೆ, ದೊಡ್ಡ ಕಿಟಕಿ, ಅಡುಗೆಮನೆಯಲ್ಲಿ ನಿಂತರೆ ಹಾಲ್ ಕಾಣುತ್ತದೆ. ಫೋಟೋ ಹಿಂದೆ ಕೊಡಲು ಮನಸ್ಸಾಗಲಿಲ್ಲ. ಆಸೆ, ಮತ್ತೇನಲ್ಲ.

ಅತ್ತೆಯ ಕಲ್ಲಲ್ಲಿ ಕಟ್ಟಿದರೆ ಅದು ಅತ್ತೆ ಮನೆ. ಕೊಟ್ಟಿಗೆ ಎಲ್ಲಿ, ಚಾವಡಿ ಎಷ್ಟು, ಎಲ್ಲ ಅವರದೇ. ಹದಿನಾರು ವರ್ಷ ಈ ಮಣ್ಣಿನ ಗೋಡೆಯೊಳಗೆ ಗೇಣಿ ಒಕ್ಕಲಿನವಳ ಹಾಗೆ ಇದ್ದೇನೆ. ಹೊಸದರಲ್ಲೂ ಹಾಗೇ ಇರಬೇಕಾ?

೯ ಡಿಸೆಂಬರ್

ಹುಬ್ಬಳ್ಳಿಯಿಂದ ಇವರ ಫೋನ್. ಹೋಟೆಲಿನಲ್ಲಿ ಊಟದ ಗಲಾಟೆ ಮುಗಿದ ಹೊತ್ತು. ಗಲ್ಲಾ ಬಿಟ್ಟು ಹೊರಗೆ ನಿಂತು ಮಾತಾಡುವುದು, ಯಾವಾಗಲೂ ಅವಸರ. "ಎರಡ್ರದ್ದೂ ಲೆಕ್ಕ ಹೇಳ್. ಯಾವ್ದ್ ಕಡ್ಮಿ, ಅದ್ ಮಾಡ್ವ."

ಕಲ್ಲಿನದು ಹತ್ತೂವರೆ, ಪ್ಯಾನೆಲ್ ಹತ್ತು ಅಂದೆ.

"ಅಮ್ಮ ಒಟ್ಟ್ ಮಾಡ್ದ್ ಕಲ್ಲಿತ್ತಲೆ?"

"ಅದೆಲ್ಲ ಹುಡಿ ಆಯಿತ್ತಂಬ್ರ್. ಮೇಸ್ತ್ರಿ ಹೇಳ್ರ್."

ಬಾಯಿಂದ ಹೇಗೆ ಬಂತೋ. ಮೇಸ್ತ್ರಿ ಹಾಗೆ ಹೇಳಲೇ ಇಲ್ಲ. ಇವರು, "ಅಮ್ಮಂಗೆ ಬೇಜಾರಾತ್ತ್" ಅಂದರು. ನಾನು ಹೇಳುತ್ತೇನೆ ಬಿಡಿ ಅಂದೆ.

ಹೇಳಿದೆ. ಬೇರೆ ತರ ಹೇಳಿದೆ. "ನಿಮ್ ಮಗಂಗೆ ಪ್ಯಾನೆಲ್ ಮನೆಯೇ ಬೇಕಂಬ್ರ್ ಅತ್ತೆ."

ಹಾಲಿನ ಕ್ಯಾನ್ ತೊಳೆಯುತ್ತಿದ್ದರು. ತೊಳೆದು ಮುಗಿಸಿದರು. "ಸೈ. ದುಡಿವವ ಅವ. ಕಲ್ಲ್ ಎಂತ ಮಾಡುದ್ ಹಂಗಾರೆ?"

ಅಡಿಪಾಯಕ್ಕೆ ಬೇಕಲ್ಲ ಅಂದೆ. ಮುಖ ಸ್ವಲ್ಪ ಗೆಲುವಾಯಿತು. ಅಡಿಯಲ್ಲಾದರೂ ಇರುತ್ತದಲ್ಲ ಅಂದರು. ಅಷ್ಟು ಬೇಗ ಒಪ್ಪಬಾರದಿತ್ತು. ಜಗಳ ಮಾಡಿದ್ದರೆ ನನಗೆ ಸುಲಭವಾಗುತ್ತಿತ್ತು.

೨೦ ಜನವರಿ ೨೦೧೩

ನಾದಿನಿ ಪ್ರಣೀತಾ ಹೆತ್ತಳು, ಗಂಡು ಮಗು. ಇಲ್ಲಿ ಮನೆ ಕೆಲಸ ಶುರುವಾದರೆ ಬಾಣಂತಿಗೆ ಜಾಗವೆಲ್ಲಿ? ಅತ್ತೆಯೇ ಕೆರಾಡಿಗೆ, ಅವಳ ಗಂಡನ ಮನೆಗೆ, ಹೊರಟರು. ಹೋಗುವ ಮುಂಚೆ ಕಲ್ಲಿನ ಮೇಲೆ ಕೈಯಾಡಿಸಿ, "ಕೆಸರ್ಕಲ್ಲ್ ಹಾಕು ದಿವ್ಸ ಫೋನ್ ಮಾಡ್ ಹೆಣೆ. ಬೆಳಿಗ್ಗೆ ಬಂದ್ ಬೈಸಾರಿ ಹೋತೆ" ಅಂದರು.

ಹೂಂ ಅಂದೆ.

೬ ಫೆಬ್ರವರಿ

ಅನೀಶ ಬಂದು ನೋಡಿ ತಲೆಯಾಡಿಸಿದ. ರಾಶಿ ಅಲ್ಲೇ ಇದ್ದರೆ ಲಾರಿ ಒಳಗೆ ಬರುವುದಿಲ್ಲ. ಅಡಿಪಾಯಕ್ಕೂ ಕಲ್ಲು ಬೇಡ, ಪೂರ್ತಿ ಕಾಂಕ್ರೀಟ್. ಅದೇ ಹೊತ್ತಿಗೆ ಬಸ್‌ಸ್ಟಾಪ್ ಹತ್ತಿರದ ನಾಗಣ್ಣ — ಕಾಂಪೌಂಡ್ ಗೋಡೆಗೆ ಕಲ್ಲು ಬೇಕಂತೆ, ಕೊಡ್ತ್ರ್ಯಾ ಟೀಚರೇ ಅಂತ ಬಂದ. ದೇವರೇ ಕಳಿಸಿದ ಹಾಗೆ. ದೇವರ ಹೆಸರು ಇಲ್ಲಿ ಬರೆಯಬಾರದು. ನಾನೇ ಕೊಟ್ಟದ್ದು.

ಬಂದ ದುಡ್ಡಿಗೆ ಅಡುಗೆಮನೆಗೆ ಕರಿ ಗ್ರಾನೈಟ್ ಹೇಳಿಯಾಯಿತು. ಇವರಿಗೆ ಹುಡಿಕಲ್ಲು ಸಾಗಿಸಿದೆ ಅಂದೆ. ಅತ್ತೆಗೆ ಏನೂ ಹೇಳಿಲ್ಲ.

೧೧ ಫೆಬ್ರವರಿ

ಮೂರನೇ ಪೀರಿಯಡ್. ಬೋರ್ಡಿನ ಮೇಲೆ ಭಿನ್ನರಾಶಿ ಬರೆಯುತ್ತಿದ್ದೆ. ಛೇದ, ಕೆಳಗಿನದು ಅಂತ ಹೇಳುವಾಗ ನೆನಪಾಯಿತು — ಕೆಸರ್ಕಲ್ಲು. ಇವತ್ತು ಅಡಿಪಾಯ ಹಾಕುವ ದಿನ, ಅತ್ತೆಗೆ ಫೋನ್ ಮಾಡಿಲ್ಲ. ಭಟ್ಟರಿಗೂ ಹೇಳಿಲ್ಲ. ಹೆಡ್‌ಮಾಸ್ಟರಿಗೆ ತಲೆನೋವು ಅಂತ ಹೇಳಿ ಕೋಟೇಶ್ವರದಿಂದ ರಿಕ್ಷಾ ಹಿಡಿದು ಬಂದೆ.

ಕಾಂಕ್ರೀಟ್ ಹಾಕಿ ಮುಗಿದಿತ್ತು. ಕೆಲಸದವರು ಸೇಲಂ ಕಡೆಯವರು. ಅವರಿಗೇನು ಗೊತ್ತು ಪಾಪ, ಗೊತ್ತಿದ್ದವಳು ನಾನು. ರಾಶಿಯಿದ್ದ ಜಾಗದಲ್ಲಿ ಕೆಂಪು ಹುಡಿ, ಎರಡು ಒಣ ಮಡಲು. ಕುಳಿ ಇದ್ದ ಕಲ್ಲೂ ಹೋಗಿದೆ. ತೆಗೆದಿಡಬೇಕು ಅಂತ ನನಗೆ ಅನ್ನಿಸಲೇ ಇಲ್ಲವಲ್ಲ. ಕೆಟ್ಟ ಹೆಂಗಸು ನಾನು. ಬರೆದರೆ ಎದೆ ಹಗುರ ಆಗುತ್ತದೆ ಅಂತಾರೆ, ಆಗಲಿಲ್ಲ.

೩ ಮಾರ್ಚ್

ಕಲ್ಲು ಸಿಕ್ಕಿತು. ನಾಗಣ್ಣನ ಗೋಡೆಯಲ್ಲಿದೆ, ಗೇಟಿನ ಪಕ್ಕ, ಎದೆಯ ಮಟ್ಟಕ್ಕೆ. ಕುಳಿ ರಸ್ತೆಗೆ ಮುಖ ಮಾಡಿ. ಬಿಡಿಸಿ ಕೊಡ್ತೀರಾ ಅಂತ ಕೇಳಿದೆ.

"ಎಂತ ಹೇಳ್ತ್ರಿ ಟೀಚರೇ, ಅದನ್ ತೆಗ್ದ್ರೆ ಮೇಲಿನದ್ದೆಲ್ಲ ಇಳಿಸ್ಕ್."

ಗಾರೆಯಾದರೂ ಮಾಡಿಸಿ ಅಂದೆ. ಕೆಂಪುಕಲ್ಲು ಹಾಗೇ ಕಾಂಬ್ಕೇ ಚೆಂದ ಅಂದ. ಅವನ ಹೆಂಡತಿ ಕುಸುಮಾವತಿ ನನ್ನ ಮುಖವನ್ನೇ ನೋಡುತ್ತಿದ್ದಳು. ಬಂದುಬಿಟ್ಟೆ.

೨೮ ಏಪ್ರಿಲ್

ಗೋಡೆಗಳು ನಿಂತಿವೆ, ಮೇಲೆ ಮಾಡು ಕೂತಿದೆ. ಫೋಟೋದಲ್ಲಿದ್ದ ಹಾಗೇ ಇದೆ. ಖುಷಿಯಾಗಬೇಕಿತ್ತು.

ಮುಸ್ಸಂಜೆ ಹೊತ್ತಿಗೆ ಅತ್ತೆ ಬಂದರು. ಅಳಿಯ ಕಾರಿನಲ್ಲಿ ಬಿಡುತ್ತಾನೆ ಅಂದುಕೊಂಡಿದ್ದೆ. ಬಸ್ಸಿಳಿದು ನಡೆದೇ ಬಂದರಂತೆ. ಚೀಲ ಕೆಳಗಿಟ್ಟು ಅಂಗಳದಲ್ಲಿ ನಿಂತರು. ರಾಶಿಯಿದ್ದ ಕಡೆ ನೋಡಿದರು, ಮನೆ ನೋಡಿದರು. ಚಾ ಕುಡಿದಾದ ಮೇಲೆ ಕೇಳಿದ್ದು ಒಂದೇ.

"ಕೆಸರ್ಕಲ್ಲ್ ಎಲ್ಲ್ ಹಾಕಿದ್ರಿ ಹೆಣೆ?"

"ದೇವ್ರ್ ಕೋಣಿ ಮೂಲಿಯಂಗೆ, ನೆಲದಡಿಗೆ." ಕಣ್ಣಲ್ಲಿ ಕಣ್ಣಿಟ್ಟು ಹೇಳಿದೆ. ಅವಸರದಲ್ಲಿ ಮುಹೂರ್ತ ಬಂತು, ಫೋನ್ ಸಿಗಲಿಲ್ಲ, ಉಳಿದ ಕಲ್ಲೂ ಅಡಿಗೇ ಹೋಯಿತು ಅಂತಲೂ ಸೇರಿಸಿದೆ. ಸುಳ್ಳಿಗೆ ಎಷ್ಟು ಚೆನ್ನಾಗಿ ಕೈ ಕಾಲು ಬರುತ್ತದೆ ನನ್ನ ಬಾಯಲ್ಲಿ.

ಹೌದಾ ಅಂದರು. ಮತ್ತೆ ಮಗುವಿನ ಸುದ್ದಿ ತೆಗೆದರು.

ನಾಗಣ್ಣನ ಗೋಡೆ ಅದೇ ದಾರಿಯಲ್ಲಿದೆ. ಆದರೆ ಮುಸ್ಸಂಜೆ, ಅವರ ಕಣ್ಣೂ ಮಸುಕು. ಕಂಡಿರಲಿಕ್ಕಿಲ್ಲ.

೧೦ ಮೇ

ಹೊಸ ಮನೆ ಒಕ್ಲು ಆಯಿತು. ಹಾಲು ಉಕ್ಕಿತು, ನೂರೈವತ್ತು ಜನ ಊಟ ಮಾಡಿದರು. ಗ್ರಾನೈಟ್ ಮುಟ್ಟಿ ಮುಟ್ಟಿ ನೋಡಿದವರೇ ಎಲ್ಲ. ಗುಡ್ಡ ಮೇಸ್ತ್ರಿಯೂ ಬಂದಿದ್ದರು. ಇವರು ಅವರ ಹತ್ತಿರ ಕಲ್ಲಿನ ಮಾತು ಎತ್ತುತ್ತಾರೋ ಅಂತ ಪಾಯಸ ಬಡಿಸುವಾಗಲೂ ನನ್ನ ಕಣ್ಣು ಅವರಿಬ್ಬರ ಮೇಲೇ. ಎತ್ತಲಿಲ್ಲ.

ಮಧ್ಯಾಹ್ನದ ಮೇಲೆ ಇವರು ಮಾವನ ಫೋಟೋ ಹಾಕಲು ಮೊಳೆ ಹೊಡೆದರು. ಒಂದೇ ಏಟಿಗೆ ಮೊಳೆ ತಲೆ ಸಮೇತ ಗೋಡೆಯೊಳಗೆ. ಇನ್ನೊಂದು, ಅದೂ ಹೋಯಿತು. ಒಳಗೆ ಥರ್ಮಾಕೋಲಿನಂಥದ್ದು. ನೆಂಟರು ನಕ್ಕರು, ಇವರೂ ನಕ್ಕರು. ಅತ್ತೆ ಫೋಟೋ ತೆಗೆದುಕೊಂಡು, "ಇವ್ರ್ ಹಳೇ ಮನಿಯಂಗೇ ಇರ್ಲಿ. ಅಲ್ಲ್ ಮೊಳಿ ನಿಲ್ಲತ್ತ್" ಅಂದರು. ಯಾರೂ ಬೇಜಾರು ಮಾಡಿಕೊಳ್ಳದ ಹಾಗೆ ಹೇಳಿದರು.

ಸಂಜೆ ದೇವರ ಕೋಣೆಗೆ ಹೋದರೆ ಅತ್ತೆ ಕೂತಿದ್ದಾರೆ. ನಾನು ಹೇಳಿದ ಮೂಲೆಯಲ್ಲಿ, ಹೊಸ ಟೈಲ್ಸಿನ ಮೇಲೆ, ಅರಿಶಿನ ಕುಂಕುಮದ ಬೊಟ್ಟು. ಅಡಿಯಲ್ಲಿ ಏನೂ ಇಲ್ಲ, ಬರೀ ಕಾಂಕ್ರೀಟ್. ನಿಂತು ನೋಡಲಾಗಲಿಲ್ಲ. ಬಚ್ಚಲಿಗೆ ಹೋಗಿ ನೀರು ಬಿಟ್ಟುಕೊಂಡು ಅತ್ತುಬಿಟ್ಟೆ.

೧೨ ಜೂನ್

ಡೈರಿಗೆ ಹಾಲು ನಾನೇ ಕೊಂಡುಹೋಗುತ್ತಿದ್ದೇನೆ. ನಿಮ್ಮ ಮಂಡಿನೋವು ಜಾಸ್ತಿಯಾಗಿದೆ, ಮಳೆ, ದಾರಿ ಜಾರುತ್ತದೆ ಅಂದೆ. ನಿಜ ಏನೆಂದರೆ ಡೈರಿ ನಾಗಣ್ಣನ ಗೋಡೆಯ ಆಚೆ ಇದೆ.

ಊರಲ್ಲಿ ಈಗ ನಾನೇ ಒಳ್ಳೆಯ ಸೊಸೆ. ಡೈರಿಯ ಚಂದ್ರಮತಿ ಎಲ್ಲರೆದುರು ಹೇಳಿದಳು: "ಟೀಚರಾದ್ರೂ ಕ್ಯಾನ್ ಹಿಡ್ಕಂಡ್ ಬತ್ರ್, ಕಾಣಿ. ಇವ್ರ್ ಅತ್ತೆ ಅಮ್ಮಣ್ಣಿ ಪುಣ್ಯ ಮಾಡಿರ್." ಭೂಮಿ ಬಾಯಿ ಬಿಡಲಿಲ್ಲ. ಖಾಲಿ ಕ್ಯಾನ್ ಹಿಡಿದುಕೊಂಡು ಬಂದೆ. ಬರುವಾಗ ಗೋಡೆ ನೋಡದೆ ಬರುವುದು ಅಭ್ಯಾಸ ಮಾಡಿಕೊಂಡಿದ್ದೇನೆ.

ಅತ್ತೆ ಮಲಗುವುದು ಈಗಲೂ ಹಳೇ ಮನೆಯಲ್ಲೇ. ದನ ಒಂಟಿಯಾಗುತ್ತದೆ ಅಂತ ನೆಪ. ದೀಪ ಹೊತ್ತಿಸಲು ಮಾತ್ರ ದಿನಾ ಇಲ್ಲಿಗೆ ಬರುತ್ತಾರೆ. ಮೂಲೆಗೆ ಬೊಟ್ಟು ಇಟ್ಟು ಹೋಗುತ್ತಾರೆ. ನೆಲ ಒರೆಸುವಾಗ ಅದೊಂದು ಜಾಗ ಬಿಟ್ಟು ಒರೆಸುತ್ತೇನೆ.

೪ ನವೆಂಬರ್ ೨೦೧೩, ಸೋಮವಾರ

ತುಂಬ ದಿನ ಬರೆದಿಲ್ಲ. ಬರೆಯಲು ಇದ್ದದ್ದು ಒಂದೇ ವಿಷಯ, ಅದನ್ನೇ ಎಷ್ಟು ಸಲ ಬರೆಯುವುದು.

ಇವತ್ತು ಗೋಪೂಜೆ. ಹಾಲು ಕೊಟ್ಟು ಬರುವಾಗ ಕುಸುಮಾವತಿ ಗೇಟಿನ ಹತ್ತಿರ ಗುಡಿಸುತ್ತಿದ್ದಳು. ಹ್ವಾಯ್ ಟೀಚರೇ ಅಂತ ಕರೆದಳು. ತಿರುಗಿದೆ. ಗೋಡೆ ನೋಡಲೇಬೇಕಾಯಿತು.

ಕುಳಿಯೊಳಗೆ ಅರಿಶಿನ. ಅದರ ಮೇಲೆ ಕುಂಕುಮ, ಇನ್ನೂ ಹಸಿ. ಒಂದು ಗೊಂಡೆ ಹೂ.

"ನಿಮ್ ಅತ್ತೆ ಬೆಳಿಗ್ಗೆಯೇ ಬಂದಿದ್ರ್. ವರ್ಷದ್ ಬೊಟ್ಟ್ ತಪ್ಪುಕಾಗ ಅಂದ್ರ್."

ಅವರಿಗೆ ಗೊತ್ತಾ, ಯಾವಾಗಿಂದ — ಅಂದೆ. ಕೈಯಲ್ಲಿದ್ದ ಕ್ಯಾನ್ ಕೆಳಗಿಟ್ಟೆ.

"ಕೆರಾಡಿಯಿಂದ ಬಂದ್ ದಿವ್ಸವೇ ಕಂಡಿರ್ ಮಾರಾಯ್ತಿ. ಬಸ್ಸಿಳ್ದ್ ಬಪ್ಪತಿಗೆ ಇಲ್ಲೇ ನಿಂತಿರ್, ಕೈಯೆಂಗೆ ಮುಟ್ಟಿ ಮುಟ್ಟಿ ಕಂಡಿರ್. ನಾನ್ ಎಂತದೋ ಹೇಳುಕೆ ಹೋದೆ. ಹೆಣ್ಣಿಗೆ ಹೇಳ್ಬೇಡ ಅಂದ್ರ್. ಅದೇ ಹೇಳತ್ತ್ ಅಂದ್ರ್."

ಅಂದರೆ ಚಾ ಕುಡಿದು, ಎಲ್ಲ್ ಹಾಕಿದ್ರಿ ಹೆಣೆ ಅಂತ ಕೇಳಿದ್ದು ಗೊತ್ತಿಲ್ಲದೆ ಅಲ್ಲ. ನೋಡಿ ಬಂದೇ ಕೇಳಿದ್ದು. ನನಗೊಂದು ದಾರಿ ಬಿಟ್ಟು ಕೇಳಿದ್ದು. ಆರು ತಿಂಗಳಿಂದ ಖಾಲಿ ಮೂಲೆಗೆ ಬೊಟ್ಟಿಡುತ್ತಿದ್ದಾರೆ, ನಾನು ನೋಡಲಿ ಅಂತ. ನನ್ನ ಸುಳ್ಳನ್ನು ದಿನಾ ದೀಪ ಹೊತ್ತಿಸಿ ಕಾಯುತ್ತಿದ್ದಾರೆ, ಯಾವಾಗ ಹೇಳುತ್ತಾಳೋ ಅಂತ.

ಬಂದವಳು ನೇರ ದೇವರ ಕೋಣೆಗೆ ಹೋದೆ. ಮೂಲೆ ಖಾಲಿ ಇದೆ. ಇವತ್ತು ಇನ್ನೂ ಇಟ್ಟಿಲ್ಲ. ಬೊಟ್ಟಿನ ಬಟ್ಟಲು ಎತ್ತಿಕೊಂಡು ಬಂದು ಇಲ್ಲಿ ಕೂತಿದ್ದೇನೆ. ಯಾಕೆ ಎತ್ತಿಕೊಂಡೆನೋ.

ಹಳೇ ಮನೆಯ ಬಾಗಿಲ ಸದ್ದು. ಅಂಗಳ ದಾಟುತ್ತಿದ್ದಾರೆ, ಮಂಡಿ ಎಳೆದುಕೊಂಡು. ಒಳಗೆ ಬಂದರು.

"ಹೆಣೆ, ಬೊಟ್ಟಿನ್ ಬಟ್ಲ್ ಕಾಂತಿಲ್ಲೆ. ಎಲ್ಲಿಟ್ಟಿದೆ?"

ಮತ್ತೆ ಕೇಳುತ್ತಿದ್ದಾರೆ, ಎಲ್ಲಿ ಅಂತ. ಈ ಸಲ ಇದ್ದದ್ದನ್ನೇ ಹೇಳಬೇಕು, ಪೆನ್ನು ಇಡುತ್ತೇನೆ.